ಮುಪ್ಪಿನ ಔಷಧಿ: ಎಷ್ಟು ಬೇಕು, ಎಷ್ಟು ಸಾಕು?

ಎಪ್ಪತ್ತೆಂಟು ವರ್ಷದ ನಮ್ಮ ಅಕ್ಕನವರು ಮಗನ ಮನೆಯಿಂದ ಊರಿಗೆ ಮರಳಿದಾಗ ಅವರ ಕೈಚೀಲದಲ್ಲಿ ಹನ್ನೊಂದು ಬಗೆಯ ಗುಳಿಗೆಗಳಿದ್ದವು. ಪಾದಗಳು ಬಾತಿದ್ದವು, ತಲೆ ಸುತ್ತುತ್ತಿತ್ತು, ಬಟ್ಟಲು ಹಿಡಿದರೆ ಕೈ ನಡುಗುತ್ತಿತ್ತು. "ವಯಸ್ಸಾತಲ್ಲೋ ತಮ್ಮಾ, ಇನ್ನ ಇದೆಲ್ಲಾ ಇದ್ದದ್ದ" ಎಂದರು. ನಾವೂ ಹಾಗೆಯೇ ನಂಬಿದ್ದೆವು.

ಚೀಲವನ್ನು ಪರಿಚಿತ ವೈದ್ಯರ ಮೇಜಿನ ಮೇಲೆ ಸುರಿದಾಗ ಬೇರೆಯೇ ಸಂಗತಿ ಹೊರಬಿದ್ದಿತು. ರಕ್ತದೊತ್ತಡಕ್ಕೆಂದು ಒಬ್ಬರು ಆಮ್ಲೋಡಿಪಿನ್ ಬರೆದಿದ್ದರು. ಮಗನ ಊರಿನ ಇನ್ನೊಬ್ಬರು ಅದನ್ನೇ ಬೇರೊಂದು ಕಂಪನಿಯ ಹೆಸರಿನಲ್ಲಿ ಬರೆದಿದ್ದರು. ಹೆಸರು ಎರಡು, ಮದ್ದು ಒಂದೇ. ಪಾದ ಊದುವುದು ಈ ಮದ್ದಿನ ಪರಿಚಿತ ಅಡ್ಡಪರಿಣಾಮ. ಪ್ರಮಾಣ ಹೆಚ್ಚಿದಂತೆ ಊತವೂ ಹೆಚ್ಚುವುದು. ಅದನ್ನು ಹೊಸ ರೋಗವೆಂದು ಬಗೆದು ಮೂತ್ರ ಹೆಚ್ಚಿಸುವ ಗುಳಿಗೆ ಕೊಟ್ಟಿದ್ದರು. ಊತ ಇಳಿಯಲಿಲ್ಲ, ದೇಹದ ನೀರು, ಲವಣ ಕುಗ್ಗಿ ತಲೆಸುತ್ತು ಬಂದಿತು. ತಲೆಸುತ್ತಿಗೆ ಸಿನ್ನಾರಿಜಿನ್ ಸೇರಿತು. ಅದನ್ನು ಬಹುದಿನ ಸೇವಿಸಿದ ವೃದ್ಧರಲ್ಲಿ ಕಂಪವಾತವನ್ನು ಹೋಲುವ ನಡುಕ ಕಾಣಿಸುವುದುಂಟು. ಆ ನಡುಕಕ್ಕೂ ಒಂದು ಗುಳಿಗೆ!

ಒಂದು ಮದ್ದಿನ ಪರಿಣಾಮವನ್ನೇ ರೋಗವೆಂದು ತಿಳಿದು ಇನ್ನೊಂದನ್ನು ಕೊಡುತ್ತ ಹೋಗುವ ಈ ಸರಪಳಿಯನ್ನು ಪೌಲಾ ರೋಷನ್ ಮತ್ತು ಜೆರ್ರಿ ಗುರ್ವಿಟ್ಜ್ ಎಂಬ ವೈದ್ಯರು 1990ರ ದಶಕದಲ್ಲಿಯೇ ವಿವರಿಸಿ ಎಚ್ಚರಿಸಿದ್ದರು.

ವೃದ್ಧರ ಶರೀರವು ಔಷಧಿಯನ್ನು ತರುಣರ ಶರೀರದಂತೆ ಹೊರಹಾಕಲಾರದು. ಮೂತ್ರಪಿಂಡದ ಸೋಸುವ ಶಕ್ತಿ ವಯಸ್ಸಿನೊಡನೆ ಕುಂದುತ್ತದೆ. ಮಾಂಸಖಂಡ ಕರಗಿದ ಕೃಶ ವೃದ್ಧರಲ್ಲಿ ರಕ್ತದ ಕ್ರಿಯಾಟಿನಿನ್ ಸರಿಯಾಗಿಯೇ ಕಂಡರೂ ಮೂತ್ರಪಿಂಡ ಸೋತಿರಬಹುದು. ಆದುದರಿಂದ ವಯಸ್ಸನ್ನೂ ಲೆಕ್ಕಕ್ಕೆ ಹಿಡಿದು ಪ್ರಮಾಣವನ್ನು ನಿಶ್ಚಯಿಸಬೇಕಾಗುತ್ತದೆ. ಅಮೆರಿಕೆಯ ಮಾರ್ಕ್ ಬಿಯರ್ಸ್ ಎಂಬ ವೈದ್ಯರು 1991ರಲ್ಲಿ ವೃದ್ಧರಿಗೆ ಸಾಮಾನ್ಯವಾಗಿ ತಕ್ಕುದಲ್ಲದ ಔಷಧಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಅದು 2023ರಲ್ಲಿಯೂ ಪರಿಷ್ಕೃತವಾಗಿದೆ. ರಕ್ತದ ಸಕ್ಕರೆಯನ್ನು ಅಪಾಯಕರವಾಗಿ ಇಳಿಸಿಬಿಡಬಲ್ಲ ಗ್ಲೈಬೆನ್‌ಕ್ಲಮೈಡ್, ಬೀಳುವಿಕೆಗೂ ಮರೆವಿಗೂ ಕಾರಣವಾಗುವ ನಿದ್ರೆಯ ಗುಳಿಗೆಗಳು, ನೆಗಡಿಗೆ ನಾವು ಸಲೀಸಾಗಿ ನುಂಗುವ ಕ್ಲೋರ್‌ಫೆನಿರಮಿನ್ ಅದರಲ್ಲಿವೆ. ಮೊಣಕಾಲು ನೋವಿಗೆ ಅಂಗಡಿಯಿಂದ ನೇರವಾಗಿ ತರುವ ಡೈಕ್ಲೋಫೆನಾಕ್ ಜಠರದಲ್ಲಿ ರಕ್ತಸ್ರಾವ ಉಂಟುಮಾಡಬಹುದು, ಮೂತ್ರಪಿಂಡವನ್ನು ಕೆಡಿಸಬಹುದು, ರಕ್ತದೊತ್ತಡವನ್ನೂ ಏರಿಸಬಹುದು.

ಇನ್ನು ವೆಚ್ಚದ ಮಾತು. ದುಬಾರಿ ಮದ್ದು ಕೊಡಿಸುವುದೇ ತಂದೆತಾಯಿಗಳ ಸೇವೆಯೆಂಬ ಭಾವನೆ ನಮ್ಮ ಮನೆಗಳಲ್ಲಿದೆ. ಅಗ್ಗದ್ದೆಂದರೆ ಮಕ್ಕಳಿಗೇ ಸಂಕೋಚ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಕೇಂದ್ರಗಳಲ್ಲಿ ಅದೇ ಮೂಲದ್ರವ್ಯದ ಗುಳಿಗೆಗಳು ಹೆಸರಾಂತ ಕಂಪನಿಗಳವುಗಳಿಗಿಂತ ಶೇಕಡಾ 50ರಿಂದ 80ರಷ್ಟು ಕಡಿಮೆ ಬೆಲೆಗೆ ದೊರೆಯುತ್ತವೆಂದು ಸರ್ಕಾರ ತಿಳಿಸುತ್ತದೆ. ಆದರೆ ಬೇಡದ ಗುಳಿಗೆಯನ್ನು ಅಗ್ಗಕ್ಕೆ ಕೊಂಡರೇನು ಲಾಭ? ಅಕ್ಕನವರ ಖರ್ಚು ಇಳಿದುದು ಅಂಗಡಿ ಬದಲಿಸಿದ್ದರಿಂದಲ್ಲ, ಚೀಟಿಯ ಸಾಲುಗಳು ಕಡಿಮೆಯಾದುದರಿಂದ.

ಹಾಗೆಂದು ಯಾರೂ ತಾವಾಗಿಯೇ ಗುಳಿಗೆ ಬಿಡತಕ್ಕದ್ದಲ್ಲ. ನಿದ್ರೆಯ ಗುಳಿಗೆ, ಸ್ಟೀರಾಯ್ಡ್, ಅಪಸ್ಮಾರದ ಮದ್ದು, ಹೃದಯಕ್ಕೆ ಕೊಡುವ ಅಟೆನೊಲಾಲ್‌ನಂಥವುಗಳನ್ನು ಹಠಾತ್ತನೆ ನಿಲ್ಲಿಸಿದರೆ ಪ್ರಾಣಾಪಾಯವೂ ಉಂಟು. ಮನೆಯಲ್ಲಿರುವುದೆಲ್ಲವನ್ನೂ, ಕಷಾಯ, ಭಸ್ಮ, ಟಾನಿಕ್ ಸಹಿತವಾಗಿ, ಒಬ್ಬರೇ ವೈದ್ಯರ ಮುಂದಿಟ್ಟು "ಇದು ಯಾತಕ್ಕೆ? ಇನ್ನೂ ಬೇಕೇ? ಎಷ್ಟು ದಿನ?" ಎಂದು ಕೇಳಬೇಕು. ಹಾಗೆ ಕೇಳಿದರೆ ವೈದ್ಯರಿಗೆ ಅಗೌರವವಾಗುವುದೆಂದು ನಾನೂ ಅಳುಕಿದ್ದೆ. ಅವರು ಬೇಸರಪಡಲಿಲ್ಲ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಒಂದೊಂದನ್ನೇ ಎತ್ತಿ ನೋಡಿದರು.

ಹನ್ನೊಂದನ್ನು ಐದಕ್ಕೆ ಇಳಿಸಲು ನಾಲ್ಕು ತಿಂಗಳು ಹಿಡಿಯಿತು, ಒಂದೊಂದಾಗಿ, ನಡುನಡುವೆ ರಕ್ತದೊತ್ತಡ ನೋಡುತ್ತ. ಊತ ಮೊದಲು ಇಳಿಯಿತು. ನಡುಕಕ್ಕೆ ಹೆಚ್ಚು ಕಾಲ ಬೇಕಾಯಿತು. ಈಗ ಅಕ್ಕನವರು ಐದೂ ಗುಳಿಗೆಗಳ ಹೆಸರು, ಹೊತ್ತು, ಕಾರಣಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಮ್ಮ ಕೈಯಿಂದಲೇ ಬರೆದು ಅಡುಗೆಮನೆಯ ಗೋಡೆಗೆ ಹಚ್ಚಿದ್ದಾರೆ.