ಖಾಲಿ ಬ್ಯಾಂಕಿನಲ್ಲಿ ಸೈತಾನನ ಖಾತೆ

ನಾಟಕವೆಂದರೆ ನಮ್ಮ ಕಣ್ಮುಂದೆ ಬರುವುದು ರಂಗಮಂಟಪ, ಪರದೆ, ಎದುರಿಗೆ ಸಾಲು ಕುರ್ಚಿ ಅಥವಾ ಚಾಪೆ. ನ್ಯೂಯಾರ್ಕಿನಲ್ಲಿ 2024ರಲ್ಲಿ ಆರಂಭವಾದ 'ಲೈಫ್ ಅಂಡ್ ಟ್ರಸ್ಟ್' ಎಂಬ ನಾಟಕದಲ್ಲಿ ಇದಾವುದೂ ಇರಲಿಲ್ಲ. ಪ್ರೇಕ್ಷಕನಿಗೆ ಒಂದು ಮುಖವಾಡ ಕೊಟ್ಟು, ಮಾತನಾಡದೆ ಎಲ್ಲಿ ಬೇಕಾದರೂ ಹೋಗಿ ನೋಡಬಹುದೆಂದು ಒಳಗೆ ಬಿಡುತ್ತಿದ್ದರು. ನಡೆದ ಜಾಗ ಹಳೆಯ ಬ್ಯಾಂಕು. ಕಥೆಯೂ ಬ್ಯಾಂಕಿನ ಸಾಹುಕಾರನದೇ. ಆದ್ದರಿಂದ ವ್ಯಾಪಾರದ ಮನೆತನಗಳಾದ ನಾವು ಇದನ್ನು ತಿಳಿಯುವುದು ಒಳಿತು.

ಕಥೆಯ ಮೂಲ ಜರ್ಮನಿಯ ಫೌಸ್ಟನ ಐತಿಹ್ಯ. 1587ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ ಪುಸ್ತಕದಿಂದ ಅದು ಪ್ರಸಿದ್ಧವಾಯಿತು. ಮುಂದೆ ಮಹಾಕವಿ ಗಯಟೆ ಅದನ್ನು ಎರಡು ಭಾಗಗಳ ನಾಟಕವಾಗಿಸಿದನು. ಫೌಸ್ಟ್ ದೊಡ್ಡ ಪಂಡಿತ, ಆದರೆ ಎಷ್ಟು ದೊರೆತರೂ ತೃಪ್ತಿಯಿಲ್ಲದವನು. ಸೈತಾನನ ದೂತ ಮೆಫಿಸ್ಟೋಫಿಲಿಸ್ 24 ವರ್ಷ ಬೇಡಿದ್ದನ್ನೆಲ್ಲ ಕೊಡುತ್ತೇನೆ, ಬದಲಿಗೆ ನಿನ್ನ ಆತ್ಮ ಕೊಡು ಎಂದನು. ಫೌಸ್ಟ್ ತನ್ನ ರಕ್ತದಲ್ಲೇ ಕರಾರುಪತ್ರ ಬರೆದುಕೊಟ್ಟನು. ಅವಧಿ ಮುಗಿದ ದಿನ ಸಾಲಗಾರ ಬಾಗಿಲಿಗೆ ಬಂದೇ ಬಂದ.

ಹೊಸ ನಾಟಕದಲ್ಲಿ ಫೌಸ್ಟನ ಸ್ಥಾನದಲ್ಲಿರುವವನು ಕಾನ್ವೆಲ್ ಎಂಬ ಮುದಿ ಬ್ಯಾಂಕರ್. ಅದು 1929ರ ಅಕ್ಟೋಬರ್ 23ರ ರಾತ್ರಿ. ಅವನು ಅಂಥದೇ ಕರಾರು ಮಾಡಿಕೊಂಡು 1894ರ ತನ್ನ ಯೌವನಕ್ಕೆ ಹಿಂದಿರುಗುತ್ತಾನೆ. ಆರು ಅಂತಸ್ತುಗಳಲ್ಲಿ ಕಥೆ ಏಕಕಾಲಕ್ಕೆ ಸಾಗುತ್ತದೆ, ಹೆಚ್ಚಿನದು ಮಾತಿಲ್ಲದ ನೃತ್ಯದಲ್ಲಿ. ಒಬ್ಬ ಪಾತ್ರಧಾರಿಯ ಬೆನ್ನು ಹತ್ತಿ ಮೆಟ್ಟಿಲೇರಿದರೆ ಇನ್ನೊಬ್ಬನ ಕಥೆ ತಪ್ಪಿತೆಂದೇ ಅರ್ಥ. ಜೊತೆಯಾಗಿ ಹೋದ ಗಂಡ ಹೆಂಡತಿ ಬೇರೆ ಬೇರೆ ನಾಟಕ ನೋಡಿ ಹೊರಬರಬಹುದು. ಪಂಚಕಲ್ಯಾಣ ಪ್ರತಿಷ್ಠೆಯಲ್ಲಿ ಶ್ರಾವಕರೇ ಇಂದ್ರ-ಇಂದ್ರಾಣಿಯರಾಗಿ ಕಥೆಯೊಳಗೆ ಸೇರುವುದನ್ನು ಕಂಡ ನಮಗೆ ಇದು ತೀರ ಹೊಸದಲ್ಲ. ಆದರೆ ಅಲ್ಲಿ ನೋಡುವವನಿಗೆ ಪಾತ್ರವಿಲ್ಲ, ಹೊಣೆಯೂ ಇಲ್ಲ; ಮುಖವಾಡದ ಹಿಂದಿನ ಎರಡು ಕಣ್ಣು ಮಾತ್ರ.

ಅಕ್ಟೋಬರ್ 23ನ್ನೇ ಏಕೆ ಆರಿಸಿದರು? ಮರುದಿನವೇ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಅಂದು ಸುಮಾರು 1.29 ಕೋಟಿ, 29ರಂದು 1.64 ಕೋಟಿ ಷೇರುಗಳು ಕೈ ಬದಲಾಯಿಸಿದವು. ಆ ಕಾಲದಲ್ಲಿ ಶೇಕಡಾ 10ರಷ್ಟು ಮುಂಗಡ ಕೊಟ್ಟು, ಉಳಿದದ್ದಕ್ಕೆ ಸಾಲ ಮಾಡಿ ಷೇರು ಕೊಂಡವರೂ ಇದ್ದರು. ಬೆಲೆ ಇಳಿದೊಡನೆ ದಲ್ಲಾಳಿಗಳು ಬಾಕಿ ಕೇಳಿದರು, ತೀರಿಸಲು ಮಾರಿದರು, ಮಾರಿದಷ್ಟೂ ಬೆಲೆ ಇಳಿಯಿತು. 1932ರ ಹೊತ್ತಿಗೆ ಪೇಟೆಯ ಸೂಚ್ಯಂಕ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಕರಗಿತ್ತು.

ನಾಟಕ ನಡೆದ ಕಟ್ಟಡವೂ ಇದಕ್ಕೆ ಸಾಕ್ಷಿ. ವಾಲ್ ಸ್ಟ್ರೀಟಿನ ಮಗ್ಗುಲಲ್ಲಿರುವ 20, ಎಕ್ಸ್‌ಚೇಂಜ್ ಪ್ಲೇಸ್ ಎಂಬ ಈ ಗೋಪುರವನ್ನು ಸಿಟಿ ಬ್ಯಾಂಕ್-ಫಾರ್ಮರ್ಸ್ ಟ್ರಸ್ಟ್‌ಗಾಗಿ ಯೋಜಿಸಿದಾಗ ಇನ್ನೂ ಬಹಳ ಎತ್ತರಕ್ಕೆ ಏರಿಸುವ ಉಮೇದಿತ್ತು. ಪೇಟೆ ಕುಸಿದ ಮೇಲೆ ಯೋಜನೆ ಮೊಟಕಾಗಿ, 1931ರಲ್ಲಿ 57 ಅಂತಸ್ತಿಗೆ ಮುಗಿಯಿತು. ಕಾಲಾಂತರದಲ್ಲಿ ಬ್ಯಾಂಕೂ ಹೊರಟುಹೋಯಿತು. ಮೇಲಿನ ಅಂತಸ್ತುಗಳಲ್ಲಿ ಇಂದು ಜನ ವಾಸವಾಗಿದ್ದಾರೆ. ನಾಟಕವೂ 2025ರ ಏಪ್ರಿಲಿನಲ್ಲಿ ದಿಢೀರನೆ ನಿಂತಿತು.

ಫೌಸ್ಟನ ತಪ್ಪು ಬಯಸಿದ್ದಲ್ಲ, 'ಸಾಕು' ಎಂಬ ಗೆರೆ ಎಳೆಯದಿದ್ದದ್ದು. ಪರಿಗ್ರಹ ಪರಿಮಾಣವೆಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಆ ಗೆರೆಯನ್ನು ಲಾಭದ ದಿನವೇ ಎಳೆಯಬೇಕು. ನಷ್ಟದ ದಿನ ಎಳೆದರೆ ಅದು ವ್ರತವಲ್ಲ, ಬೇರೆ ದಾರಿ ಇಲ್ಲದವನ ಮಾತು. ಈ ಸಲ ದೀಪಾವಳಿಗೆ ಹೊಸ ಕಿರ್ದಿಯ ಪೂಜೆ ಮಾಡುವಾಗ ಸಾಲದ ಪುಟವನ್ನೂ ಒಮ್ಮೆ ಮಕ್ಕಳ ಮುಂದೆ ತೆರೆದಿಡೋಣ. ಯಾರಿಗೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬುದು ಅಂಗಡಿಗೆ ಕೂರುವ ಮುನ್ನವೇ ಅವರಿಗೂ ತಿಳಿದಿರಲಿ.