ಸೊಸೈಟಿಯ ತಾರಸಿಗೂ ಸೋಲಾರ್ ಸಬ್ಸಿಡಿ

ಫ್ಲಾಟಿನಲ್ಲಿರುವವರಿಗೆ ಸೋಲಾರ್ ಎಂದೊಡನೆ ಬರುವ ಮಾತು ಒಂದೇ: ‘ತಾರಸಿ ನಮ್ಮೊಬ್ಬರದಲ್ಲವಲ್ಲ!’ ನಿಜ. ಆದರೆ ಸೊಸೈಟಿಯದು ತಾನೇ?

ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಶುರುಮಾಡಿದ ‘ಪಿಎಂ ಸೂರ್ಯ ಘರ್’ ಯೋಜನೆಯಲ್ಲಿ ಸ್ವಂತ ಮನೆಗೆ 78,000 ರೂಪಾಯಿವರೆಗೆ ಸಬ್ಸಿಡಿ ಸಿಗುವುದು ಬಹಳ ಜನರಿಗೆ ಗೊತ್ತು. ಹೌಸಿಂಗ್ ಸೊಸೈಟಿಗೂ ಅದರಲ್ಲಿ ಪಾಲಿದೆ. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ, ವಾಹನ ಚಾರ್ಜಿಂಗ್ ಮುಂತಾದ ಎಲ್ಲರ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ. ಮನೆಗೆ 3 ಕಿಲೋವ್ಯಾಟಿನ ಲೆಕ್ಕದಲ್ಲಿ, ಒಟ್ಟು 500 ಕಿಲೋವ್ಯಾಟಿನವರೆಗೆ. ಯಾರಾದರೂ ತಮ್ಮ ಮನೆಗೆಂದು ಪ್ರತ್ಯೇಕ ಹಾಕಿಸಿಕೊಂಡಿದ್ದರೆ ಅದೂ ಈ ಮಿತಿಯೊಳಗೇ ಸೇರುತ್ತದೆ, ನೆನಪಿರಲಿ.

ನಿಮ್ಮ ಮನೆಯ ಬಿಲ್ಲೇ ಇಳಿಯಬೇಕೆ? ಅದಕ್ಕಿರುವುದು ‘ವರ್ಚುವಲ್ ನೆಟ್ ಮೀಟರಿಂಗ್’. ತಾರಸಿಯಲ್ಲಿ ಹುಟ್ಟಿದ ಯೂನಿಟ್ಟುಗಳನ್ನು, ಮೊದಲೇ ಒಪ್ಪಿದ ಪಾಲಿನಂತೆ, ವಿದ್ಯುತ್ ಕಂಪನಿಯೇ ಪ್ರತಿ ಮನೆಯ ಬಿಲ್ಲಿನಲ್ಲಿ ಕಳೆಯುತ್ತದೆ. ದೆಹಲಿಯಲ್ಲಿ ಇದರ ನಿಯಮ 2019ರಲ್ಲೇ ಬಂತು. ಬೇರೆ ಊರಿನವರು ತಮ್ಮ ಕಂಪನಿಯಲ್ಲಿ ವಿಚಾರಿಸಿ.

ಸಬ್ಸಿಡಿ ಕೈಸೇರುವುದು ಕೆಲಸ ಮುಗಿದ ಮೇಲೆ. ಮೊದಲು ಸೊಸೈಟಿಯೇ ಹಣ ಹಾಕಬೇಕು. ಕಿಲೋವ್ಯಾಟಿಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗವೂ ಬೇಕು. ‘ಹಾಗಾದರೆ ಹಪ್ಪಳ ಎಲ್ಲಿ ಒಣಗಿಸೋದು?’ ಎಂದು ಮೇಲಿನ ಮಹಡಿಯವರು ಕೇಳಿಯೇ ಕೇಳುತ್ತಾರೆ! ಜನರಲ್ ಬಾಡಿಯಲ್ಲಿ ಠರಾವು ಮಾಡುವ ದಿನವೇ ಯಾರ ಪಾಲು ಎಷ್ಟೆಂದು ಬರೆಸಿಬಿಡಿ.