ಹಬ್ಬದ ದಿನಗಳಲ್ಲಿ ಮನೆಯ ಮೂಕಜೀವಗಳ ರಕ್ಷಣೆ

ಗೌರಿ-ಗಣೇಶರ ಹಬ್ಬದಿಂದ ಮೊದಲ್ಗೊಂಡು ಸಂಕ್ರಾಂತಿಯವರೆಗಿನ ಕಾಲವು ಕೋಲಾರ ಸೀಮೆಯಲ್ಲಿ ಸಂಭ್ರಮದ ಕಾಲ. ಬಂಗಾರಪೇಟೆಯ ಸುತ್ತಣ ಹಳ್ಳಿಗಳಲ್ಲಿ ದಸರೆ, ದೀಪಾವಳಿಗಳ ಸಡಗರವಾದರೆ, ಚಿನ್ನದ ಗಣಿ ಪ್ರದೇಶದಲ್ಲಿ ಇವುಗಳೊಡನೆ ಕ್ರಿಸ್‌ಮಸ್ಸಿನ ನಕ್ಷತ್ರದೀಪಗಳೂ ಸೇರಿಕೊಳ್ಳುತ್ತವೆ. ಮನೆಮಂದಿಯೆಲ್ಲ ನೆಂಟರಿಷ್ಟರ ಉಪಚಾರದಲ್ಲಿ ಮಗ್ನರಾಗಿರುವ ಈ ದಿನಗಳಲ್ಲಿಯೇ ಹಟ್ಟಿಯ ಹಸು, ಹಿತ್ತಲಿನ ಮೇಕೆ, ಬಾಗಿಲ ನಾಯಿ, ಒಲೆಯ ಬದಿಯ ಬೆಕ್ಕು ಇವುಗಳ ಮೇಲಣ ನಿಗಾ ಸಡಿಲವಾಗುತ್ತದೆ. ಒಂದೆರಡು ಹಸುಗಳ ಹಾಲಿನಿಂದಲೇ ಮಕ್ಕಳ ಶಾಲೆಯ ಖರ್ಚನ್ನು ತೂಗಿಸುವ ಕುಟುಂಬಗಳು ಈ ಜಿಲ್ಲೆಯಲ್ಲಿ ವಿರಳವಲ್ಲ. ಅಂಥ ಮನೆಗೆ ಹಸುವಿನ ಸಾವೆಂದರೆ ಕೇವಲ ದುಃಖವಲ್ಲ, ಜೀವನಾಧಾರವೇ ತಪ್ಪಿಹೋದಂತೆ.

ಅಪಾಯವು ಹಬ್ಬಕ್ಕಿಂತ ಮುಂಚೆಯೇ, ಮನೆ ಸಾರಿಸಿ ಬಳಿಯುವ ದಿನಗಳಲ್ಲಿಯೇ ಆರಂಭವಾಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದೊಡನೆ ಅದು ಕೊತಕೊತನೆ ಕುದಿಯುವುದನ್ನು ಎಲ್ಲರೂ ಕಂಡಿದ್ದಾರೆ. ಆ ಹಂಡೆಯನ್ನು ಮುಚ್ಚದೆ ಬಿಟ್ಟರೆ ಬಾಯಾರಿದ ಪ್ರಾಣಿ ಮೂತಿಯಿಡುತ್ತದೆ. ಅಟ್ಟ ಗುಡಿಸುವಾಗ ಇಡುವ ಇಲಿಪಾಷಾಣ ಇಲಿಯನ್ನು ಮಾತ್ರ ಕೊಲ್ಲುವುದಿಲ್ಲ. ಅದನ್ನು ತಿಂದು ಸತ್ತ ಇಲಿಯನ್ನು ತಿನ್ನುವ ಬೆಕ್ಕಿಗೂ ಅದು ಮಾರಕವಾಗಬಹುದು.

ಪೂಜೆಯ ಹೂವಿನ ವಿಷಯವನ್ನು ವಿಶೇಷವಾಗಿ ಹೇಳಬೇಕಾಗಿದೆ. ಕಣಗಿಲೆಯು ದೇವರಿಗೆ ಪ್ರಿಯವೆನಿಸಿದರೂ ಅದರ ಎಲೆ, ಹೂ, ಕಾಂಡಗಳೆಲ್ಲವೂ ಹೃದಯದ ಬಡಿತವನ್ನು ಕೆಡಿಸುವ ವಿಷವುಳ್ಳವು. ಹತ್ತಿಪ್ಪತ್ತು ಎಲೆಗಳು ದೊಡ್ಡ ಹಸುವಿನ ಪ್ರಾಣವನ್ನು ತೆಗೆಯಬಲ್ಲವು; ಒಣಗಿದರೂ ವಿಷ ಇಳಿಯುವುದಿಲ್ಲ. ಮಾರನೆಯ ದಿನ ನಿರ್ಮಾಲ್ಯವನ್ನು ಬಾಳೆಯೆಲೆಯೊಡನೆ ದನದ ಮುಂದೆ ಸುರಿಯುವ ರೂಢಿಯನ್ನು ಕೈಬಿಟ್ಟು ಅದನ್ನು ಗುಂಡಿಯಲ್ಲಿ ಮುಚ್ಚುವುದೇ ಲೇಸು.

ಇದಕ್ಕಿಂತಲೂ ಹೆಚ್ಚಾಗಿ ಕಂಡುಬರುವುದು ವಾತ್ಸಲ್ಯದಿಂದಾಗುವ ಹಾನಿ. ಉಳಿದ ಅನ್ನ, ಪಾಯಸ, ಹೋಳಿಗೆಗಳನ್ನು ‘ಗೋಮಾತೆ ತಿನ್ನಲಿ’ ಎಂದು ಬಾನಿ ತುಂಬ ಇಡುತ್ತಾರೆ. ಹಸುವಿನ ಮೊದಲ ಹೊಟ್ಟೆಯು ಹುಲ್ಲನ್ನು ನಿಧಾನವಾಗಿ ಹುದುಗಿಸಲು ಅಣಿಯಾದ ಗುಡಾಣ. ಅಲ್ಲಿಗೆ ಹಿಟ್ಟು, ಬೆಲ್ಲ, ಅನ್ನಗಳು ಒಮ್ಮೆಲೇ ಬಿದ್ದರೆ ಸೂಕ್ಷ್ಮಜೀವಿಗಳು ಅವನ್ನು ವೇಗವಾಗಿ ಆಮ್ಲವಾಗಿ ಮಾರ್ಪಡಿಸುತ್ತವೆ. ಹಸು ಮೆಲುಕು ನಿಲ್ಲಿಸುತ್ತದೆ, ಹೊಟ್ಟೆ ಬಿಗಿಯುತ್ತದೆ, ಭೇದಿಯಾಗಿ ನೆಲ ಹಿಡಿಯುತ್ತದೆ. ಇಂಥ ಸಮಯದಲ್ಲಿ ಗೊಟ್ಟದಿಂದ ಎಣ್ಣೆ ಕುಡಿಸಹೋಗಿ ಅದು ಶ್ವಾಸಕೋಶಕ್ಕೆ ಇಳಿದರೆ ಎರಡನೆಯ ಆಪತ್ತು ಒದಗುತ್ತದೆ. ಕೂಡಲೇ ಪಶುವೈದ್ಯರನ್ನು ಕರೆಸುವುದೊಂದೇ ಸರಿಯಾದ ದಾರಿ. ಸರ್ಕಾರದ ಪಶುಸಹಾಯವಾಣಿಯ ಸಂಖ್ಯೆ 1962 ಎಂಬುದು ಮನೆಯ ಗೋಡೆಯ ಮೇಲಿರಲಿ.

ನಾಯಿಗೆ ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿಗಳು ವರ್ಜ್ಯ. ಕ್ರಿಸ್‌ಮಸ್ ಕೇಕಿನ ಒಣದ್ರಾಕ್ಷಿಯು ಕೆಲವು ನಾಯಿಗಳ ಮೂತ್ರಪಿಂಡಗಳನ್ನೇ ಕೆಡಿಸುತ್ತದೆ. ಬೆಂದ ಕೋಳಿಮೂಳೆ ಸೀಳಿ ಕರುಳನ್ನು ಚುಚ್ಚುತ್ತದೆ. ಜ್ವರಕ್ಕೆಂದು ಮನೆಯಲ್ಲಿಟ್ಟ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದಿಗೂ ಕೊಡಲಾಗದು.

ಇನ್ನು ಪಟಾಕಿ. ಮನುಷ್ಯನ ಕಿವಿಯು ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳಿದರೆ ನಾಯಿಯದು ಸುಮಾರು 45,000ದವರೆಗೂ, ಬೆಕ್ಕಿನದು ಅದಕ್ಕಿಂತ ಮೇಲಕ್ಕೂ ಹೋಗುತ್ತದೆ. ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ, ಎಂದರೆ 2001ರ ಫೆಬ್ರವರಿಯಲ್ಲಿ ಅವು ಮುಚ್ಚುವವರೆಗೆ, ಪಾಳಿಯ ಸೈರನ್ನು ನಿಯತವೇಳೆಗೆ ಕೂಗುತ್ತಿತ್ತು. ನಿಯತವಾದ ಸದ್ದಿಗೆ ಪ್ರಾಣಿ ಒಗ್ಗಿಕೊಳ್ಳುತ್ತದೆ. ಪಟಾಕಿಗೆ ನಿಯಮವಿಲ್ಲ. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ದೀಪಾವಳಿಗೆ ರಾತ್ರಿ 8ರಿಂದ 10 ಗಂಟೆ, ಕ್ರಿಸ್‌ಮಸ್ ಮತ್ತು ಹೊಸವರ್ಷಕ್ಕೆ 11.55ರಿಂದ 12.30 ಎಂದು ವೇಳೆ ಗೊತ್ತುಪಡಿಸಿತಾದರೂ, ಗಡಿಯಾರ ನೋಡಿ ಬತ್ತಿ ಹೊತ್ತಿಸುವ ಹುಡುಗರು ಎಷ್ಟು ಮಂದಿ? ಬೆದರಿದ ನಾಯಿ ದಿಕ್ಕೆಟ್ಟು ಓಡುತ್ತದೆ. ರೈಲುಹಾದಿಯ ಮಗ್ಗುಲಲ್ಲಿಯೇ ಬೆಳೆದಿರುವ ಬಂಗಾರಪೇಟೆಯಂಥ ಊರಿನಲ್ಲಿ ಆ ಓಟದ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಸಂಜೆಗೆ ಮುನ್ನವೇ ನಾಯಿಯನ್ನು ತಿರುಗಾಡಿಸಿ ತಂದು, ಒಳಕೋಣೆಯಲ್ಲಿರಿಸಿ, ಕಿಟಕಿ ಮುಚ್ಚಿ, ರೇಡಿಯೋ ಹಾಕುವುದು ಹಿತ. ಗಣಿಕಾರ್ಮಿಕರ ಸಾಲುಮನೆಗಳಂಥ ಇಕ್ಕಟ್ಟಿನಲ್ಲಿ ಒಳಕೋಣೆಯೆಂಬುದೇ ಇಲ್ಲದಿದ್ದರೆ ಮಂಚದಡಿ ಹೊದಿಕೆ ಇಳಿಬಿಟ್ಟರೂ ಸಾಕು. ಕಟ್ಟಿಹಾಕಿದ ದನದ ಹಗ್ಗವು ಒಂದೇ ಎಳೆತಕ್ಕೆ ಬಿಚ್ಚುವ ಗಂಟಿನದಾಗಿರಬೇಕು.

ಸದ್ದು ಅಡಗಿದ ಮೇಲಿನ ಅಪಾಯವನ್ನು ಬಹುಮಂದಿ ಗಮನಿಸುವುದಿಲ್ಲ. ಸುರುಸುರುಬತ್ತಿಯ ಸುಟ್ಟ ತಂತಿ ಹುಲ್ಲಿನಲ್ಲಿ ಉಳಿಯುತ್ತದೆ. ಹಸು ಮೇವನ್ನು ಆರಿಸಿ ಅಗಿಯದೆ ನುಂಗುವ ಪ್ರಾಣಿ. ನುಂಗಿದ ತಂತಿಯು ಜೇನುಗೂಡಿನಂಥ ಎರಡನೆಯ ಹೊಟ್ಟೆಯಲ್ಲಿ ತಂಗುತ್ತದೆ. ಅದಕ್ಕೂ ಹೃದಯಕ್ಕೂ ನಡುವೆ ತೆಳ್ಳನೆಯ ವಪೆಯೊಂದೇ ಅಡ್ಡ. ವಾರಗಳ ಅನಂತರ ಹಸು ಬೆನ್ನು ಬಾಗಿಸಿ ನರಳಿ ಹಾಲು ಇಳಿಸಿದಾಗ ದೀಪಾವಳಿಯ ನೆನಪು ಯಾರಿಗೂ ಬರುವುದಿಲ್ಲ. ಸಿಡಿಯದ ಮದ್ದಿನಲ್ಲಿರುವ ನೈಟ್ರೇಟು ಮೇಕೆ, ದನಗಳ ರಕ್ತದ ಪ್ರಾಣವಾಯು ಒಯ್ಯುವ ಶಕ್ತಿಯನ್ನೇ ಕುಂದಿಸಬಲ್ಲದು. ಬೀದಿ ಬೆಳಗಾಗುವ ಮುನ್ನ, ದನ ಬಿಡುವ ಮುನ್ನ, ಅಯಸ್ಕಾಂತವೊಂದನ್ನು ಹಗ್ಗಕ್ಕೆ ಕಟ್ಟಿ ಅಂಗಳದಲ್ಲಿ ಎಳೆದಾಡಿಸುವ ಕೆಲಸವನ್ನು ಮಕ್ಕಳಿಗೆ ವಹಿಸಿದರೆ ಅವರಿಗದು ಆಟವೂ ಆದೀತು. ಸುಟ್ಟ ಗಾಯಕ್ಕೆ ಹತ್ತು ನಿಮಿಷಕ್ಕೂ ಮೀರಿ ತಣ್ಣೀರು ಹರಿಸಬೇಕು. ತುಪ್ಪ, ಶಾಯಿ ಹಚ್ಚಲಾಗದು.

ಸಂಕ್ರಾಂತಿಯ ಕಿಚ್ಚು ಹಾಯಿಸುವಾಗ ಗಬ್ಬದ ಹಸುವನ್ನೂ ಎಳಗರುವನ್ನೂ ದೂರವಿರಿಸಬೇಕು. ಕೊಂಬಿಗೆ ಬಾಗಿಲಿನ ಎಣ್ಣೆಬಣ್ಣ ಬಳಿಯಬಾರದು.

ಚಿನ್ನದ ಗಣಿಯ ಊರಿಗೇ ಸೇರಿದ ಎಚ್ಚರಿಕೆಯೊಂದುಂಟು. ಅದಿರನ್ನು ಪುಡಿಮಾಡಿ ಸೈನೈಡಿನಿಂದ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಮೂರು ಕೋಟಿ ಟನ್ನುಗಳಿಗೂ ಮೀರಿದ ಹುಡಿ ಅಲ್ಲಿ ಗುಡ್ಡಗಳಾಗಿ ನಿಂತಿದೆ. ಹಬ್ಬದಂದು ಕಾಯುವವರಿಲ್ಲದೆ ಬಿಟ್ಟ ದನಗಳು ಅದರ ಬುಡದಲ್ಲಿ ನಿಂತ ನೀರಿಗೆ ಬಾಯಿಡದಂತೆ, ಆ ಒಂದು ದಿನವಾದರೂ ಹಟ್ಟಿಯಲ್ಲಿಯೇ ಹುಲ್ಲೂ ನೀರೂ ಒದಗಿಸಿ ಕಟ್ಟಿಕೊಳ್ಳುವುದು ಕ್ಷೇಮ.